ಉಗುರಿನ ಮೇಲಿನ ಹಾಲು

"ಉಪದೇಶಿಗಳೇ, ಸಭಾಪಾಲಕರು ಹೇಳಿದ ಮಾತನ್ನ ಪರೀಕ್ಷೆ ಮಾಡಿ ನೋಡೋದು ಪಾಪ ಏನ್ರೀ?"

ಯೂನಿಕೆ ಇದನ್ನು ಕೇಳಿದ್ದು ಒಂದು ಶನಿವಾರ ಮಧ್ಯಾಹ್ನ. ಕೇಳಿದ್ದು ದಾನಿಯೇಲಪ್ಪ ಉಪದೇಶಿಗಳನ್ನು. ನಲವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಸತ್ಯವೇದದ ಪಾಠ ಹೇಳಿದ ಉಪದೇಶಿಗಳು ಈಗ ಮನೆ ಹಿಡಿದು ಕೂತಿದ್ದರು. ಸಭೆಯ ಹರಿದ ಹಾಡಿನ ಪುಸ್ತಕಗಳನ್ನು ತರಿಸಿಕೊಂಡು ಒಂದೊಂದಕ್ಕೂ ಅಂಟು ಹಚ್ಚಿ ಹೊಲಿಗೆ ಹಾಕುವುದು ಅವರ ಕೆಲಸ. ಯೂನಿಕೆ ಒಂಬತ್ತು ವರ್ಷದಿಂದ ಶನಿವಾರಕ್ಕೊಮ್ಮೆ ಬಂದು ಅವರ ಹತ್ತಿರ ಓದುತ್ತಿದ್ದಳು. ಓದಿದ್ದನ್ನು ಮರುದಿನ ಸಭೆಯ ಮಕ್ಕಳಿಗೆ ಹೇಳಿಕೊಡುತ್ತಿದ್ದಳು.

ಉಪದೇಶಿಗಳು ಕೈಯ ಕೆಲಸ ಬಿಡಲಿಲ್ಲ.

"ಪಾಪ ಅಂತ ಯಾರಂದ್ರು?"

"ಸಭಾಪಾಲಕರೇ ಅಂದ್ರು. ಎಲ್ಲಾರ ಮುಂದ. ನನಗ."

ಹೇಳುವಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಅಳು ಬಂದದ್ದಲ್ಲ, ಸಿಟ್ಟು. ಆರು ದಿನದಿಂದ ನುಂಗಿಕೊಂಡು ಬಂದ ಸಿಟ್ಟು.

ಆದದ್ದು ಇಷ್ಟು. ಎರಡು ತಿಂಗಳ ಹಿಂದೆ ಸಭೆಯಲ್ಲಿ ಮೂರು ದಿನದ ಉಜ್ಜೀವನ ಕೂಟ ನಡೆಯಿತು. ದೂರದ ಊರಿನಿಂದ ಒಬ್ಬ ಪ್ರಸಂಗಿ ಬಂದಿದ್ದ. ದೇವರು ವಾಸಿ ಮಾಡುತ್ತಾನೆ ಎಂದು ನಂಬಿದವನಿಗೆ ಗುಳಿಗೆ ಯಾತಕ್ಕೆ ಎಂದು ಕೇಳಿದ. ಗುಳಿಗೆ ನುಂಗುವುದೆಂದರೆ ದೇವರ ಮುಖ ನೋಡಿ ನಿನ್ನ ಮೇಲೆ ನನಗೆ ಭರವಸೆಯಿಲ್ಲ ಎಂದ ಹಾಗೆ ಎಂದ. ಪೀಠದ ಮುಂದೆ ಒಂದು ಬಿದಿರಿನ ಪುಟ್ಟಿ ಇಡಿಸಿದ. ನಂಬಿಕೆಯುಳ್ಳವರು ತಮ್ಮ ಔಷಧವನ್ನು ಅದರಲ್ಲಿ ಹಾಕಬೇಕು. ಸೋಮವಾರದ ರೈಲಿಗೆ ಪ್ರಸಂಗಿ ಹೊರಟುಹೋದ. ಪುಟ್ಟಿ ಅಲ್ಲೇ ಉಳಿಯಿತು. ಆಮೇಲೆ ಪ್ರತಿ ಭಾನುವಾರವೂ ಸಭಾಪಾಲಕರು ಅದೇ ಮಾತನ್ನು ಎತ್ತಿಕೊಂಡು ಪ್ರಸಂಗ ಮಾಡಿದರು. ಪುಟ್ಟಿ ತುಂಬಿತು.

ಆ ಪುಟ್ಟಿಯಲ್ಲಿ ಯೂನಿಕೆಯ ಅಕ್ಕ ಮಾರ್ಥಾಳ ಗುಳಿಗೆಗಳೂ ಇದ್ದವು. ಮಾರ್ಥಾಳಿಗೆ ಕ್ಷಯ. ಆರು ತಿಂಗಳು ಒಂದು ದಿನವೂ ತಪ್ಪದೆ ನುಂಗಬೇಕು ಎಂದು ದವಾಖಾನೆಯವರು ಕೈಹಿಡಿದು ಹೇಳಿ ಕಳಿಸಿದ್ದರು. ಮೂರು ತಿಂಗಳಾಗುವಷ್ಟರಲ್ಲಿ ಕೆಮ್ಮು ಇಳಿದಿತ್ತು. ಇಳಿದದ್ದು ಗುಳಿಗೆಯಿಂದ. ಸ್ತೋತ್ರ ಹೇಳಿ ಪುಟ್ಟಿಗೆ ಹಾಕಿದ್ದೂ ಅದೇ ಗುಳಿಗೆಯನ್ನು. ಕಳೆದ ವಾರ ಕೆಮ್ಮು ತಿರುಗಿ ಬಂತು. ಅದೇ ವಾರದ ಗುರುವಾರ ಅಕ್ಕನ ಕರವಸ್ತ್ರ ಒಗೆಯುವಾಗ ಯೂನಿಕೆ ರಕ್ತ ಕಂಡಳು. ತಿರುಗಿ ಗುಳಿಗೆ ಶುರು ಮಾಡು ಎಂದು ಅಂಗಲಾಚಿದಳು.

"ಸಭಾಪಾಲಕರು ಬ್ಯಾಡ ಅಂದ ಮ್ಯಾಲೆ ಮುಟ್ಟಿದರ, ಇಷ್ಟು ದಿನದ ನಂಬಿಕಿ ನೀರಾಗ ಹೋದಂಗ" ಎಂದಳು ಮಾರ್ಥಾ. "ಅವರು ಹೂಂ ಅನ್ನಲಿ. ನಾಳೇನ ನುಂಗತೀನಿ."

ಅದಕ್ಕೇ ಕಳೆದ ಭಾನುವಾರ, ಪ್ರಸಂಗ ಇನ್ನೂ ಮುಗಿಯುವ ಮೊದಲು, ಯೂನಿಕೆ ಎದ್ದು ನಿಂತಳು. ಆ ಸಭೆಯಲ್ಲಿ ಹಾಗೆ ಯಾರೂ ಎದ್ದು ನಿಂತದ್ದಿಲ್ಲ. ಆದರೂ ಕೇಳಿದಳು.

"ಅಯ್ಯಾ, ಗುಳಿಗಿ ನುಂಗಬಾರದು ಅಂತ ಎಲ್ಲಿ ಬರದೈತ್ರೀ? ಅಧ್ಯಾಯ ಹೇಳ್ರಿ, ತಗದು ಓದತೀನಿ."

ಸಭಾಪಾಲಕರು ಕೆಟ್ಟವರಲ್ಲ. ಅವಳ ತಂದೆ ತೀರಿಕೊಂಡಾಗ ಮೂರು ದಿನ ಮನೆಯವರ ಜೊತೆ ಕೂತಿದ್ದರು. ಮಾರ್ಥಾ ಮೊದಲು ಹಾಸಿಗೆ ಹಿಡಿದಾಗ ಬಸ್ಸು ಹಿಡಿದು ದವಾಖಾನೆಗೆ ಬಂದಿದ್ದರು. ಆದರೆ ಪೀಠದ ಮೇಲೆ ನಿಂತವರಿಗೆ ಕೆಳಗಿನಿಂದ ಪ್ರಶ್ನೆ ಬರುವುದು ಅಭ್ಯಾಸವಿರಲಿಲ್ಲ. ಅವರ ಮುಖ ಕೆಂಪಾಯಿತು. ಪ್ರಸಂಗದ ಕನ್ನಡದಲ್ಲೇ ಹೇಳಿದರು:

"ಸಹೋದರಿ, ಸಭೆಗೆ ಬರುವುದು ಕೇಳುವುದಕ್ಕೆ. ಕೇಳುವುದಕ್ಕಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಕಿವಿಯಿಂದ ಮಾಡುವ ಕೆಲಸಕ್ಕೂ ಬಾಯಿಯಿಂದ ಮಾಡುವ ಕೆಲಸಕ್ಕೂ ನಮ್ಮ ಭಾಷೆ ಒಂದೇ ಮಾತು ಕೊಟ್ಟುಬಿಟ್ಟಿದೆ. ಪಾಪ, ಅವರಾದರೂ ಏನು ಮಾಡಿಯಾರು! ಆ ನಗುವೇ ಅವರನ್ನು ಕೆರಳಿಸಿತು. ದೇವರ ಸೇವಕನನ್ನು ಪರೀಕ್ಷಿಸುವುದು ದೇವರನ್ನೇ ಪರೀಕ್ಷಿಸಿದ ಹಾಗೆ, ಅದು ಪಾಪ, ಕೂತುಕೋ ಎಂದರು. ಯೂನಿಕೆ ಕೂತಳು. ಮಾರ್ಥಾ ತಂಗಿಯ ಪಕ್ಕದಿಂದ ಎದ್ದು ಹೋಗಿ ಇನ್ನೊಂದು ಬೆಂಚಿನಲ್ಲಿ ಕೂತಳು.

ಮಂಗಳವಾರ ಚೀಟಿ ಬಂತು. ತಂದವನು ಸಭೆಯ ಕಾರ್ಯದರ್ಶಿ. ಬಾಗಿಲಲ್ಲೇ ಕೊಟ್ಟು, ಕಣ್ಣು ತಪ್ಪಿಸಿ ಹೋದ. ಯೂನಿಕೆ ಓದಿಕೊಂಡಳು: ಬರುವ ಭಾನುವಾರ ಸಭೆಯ ಮುಂದೆ ಅವಳು ಕ್ಷಮೆ ಕೇಳಬೇಕು. ಇಲ್ಲವೆಂದರೆ ಸಭೆಯವರು ಒಟ್ಟಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದಲ್ಲಿ ಅವಳಿಗೆ ಜಾಗವಿಲ್ಲ, ಮಕ್ಕಳ ಪಾಠವೂ ಇಲ್ಲ.

ಯೂನಿಕೆ ಆ ಚೀಟಿಯನ್ನು ಉಪದೇಶಿಗಳ ಮುಂದೆ ಇಟ್ಟಳು. ಅವರು ಕನ್ನಡಕ ಏರಿಸಿ ಅದರ ಮೇಲೆ ಒಮ್ಮೆ ಕಣ್ಣಾಡಿಸಿದರು. ಇನ್ನೊಮ್ಮೆ ಆಡಿಸಿದರು. ತುಟಿಯ ಕೊನೆಯಲ್ಲಿ ಏನೋ ಮಿಸುಕಿದ ಹಾಗಾಯಿತು. ಅದನ್ನು ಅಂಟಿನ ಡಬ್ಬಿಯ ಕೆಳಗೆ ಇಟ್ಟರು.

"ನಾನು ಕ್ಷಮಾ ಕೇಳಿದರ ಅಕ್ಕ ಇನ್ನ ಗುಳಿಗಿ ಮುಟ್ಟಂಗಿಲ್ಲ" ಎಂದಳು ಯೂನಿಕೆ. "ತಂಗೀನೂ ತಪ್ಪಾತು ಅಂದ್ಲು ಅಂತ ಗಟ್ಟಿ ಆಗತಾಳ. ಕೇಳದಿದ್ದರ ನಮ್ಮವ್ವ ಕುಂತು ಉಂಡ ಪಂಕ್ತಿಯಿಂದ ನನ್ನ ಎಬ್ಬಸತಾರ. ಅದನ್ನೂ ತಡಕೋತೀನ್ರಿ. ಆದರ ಒಂದು ಹುಳ ಒಳಗ ಕೊರಿಯಾಕತ್ತೈತಿ. ಅವರು ನಾಕು ವರ್ಷ ದೇವರ ಶಾಸ್ತ್ರ ಓದಿ ಬಂದವರು. ನಾ ಏಳನೆತ್ತೆ ತನಕ ಓದಿದಾಕಿ. ಅವರ ಮಾತು ಪರೀಕ್ಷೆ ಮಾಡಾಕ ನಾ ಯಾರು?"

ಉಪದೇಶಿಗಳು ಪುಸ್ತಕದ ಬೆನ್ನನ್ನು ಅಂಟು ಆರುವವರೆಗೆ ಒತ್ತಿ ಹಿಡಿದರು.

"ದೇವರ ವಾಕ್ಯಕ್ಕ ಹಾಲು ಅಂತಾರ, ಹೌದಿಲ್ಲೋ?"

"ಹೌದ್ರೀ. ಮಕ್ಕಳಿಗೆ ನಾನೇ ಕಲಿಸೀನಿ."

"ಹಂಗಾರ ಹಾಲಿಂದೇ ಒಂದು ಕತಿ ಹೇಳತೀನಿ."

ಉಪದೇಶಿಗಳು ಹೇಳಿದ ಕತೆ ಇದು.

ಒಂದು ಊರಲ್ಲಿ ಒಂದು ಹಾಲಿನ ಡೈರಿ ಇತ್ತು. ಡೈರಿ ಎಂದರೆ ದೊಡ್ಡದೇನಲ್ಲ. ತಗಡಿನ ಶೆಡ್ಡು, ಒಂದು ಮೇಜು, ನಾಲ್ಕು ಕ್ಯಾನು. ಬೆಳಿಗ್ಗೆ ಊರಿನ ಹಾಲೆಲ್ಲ ಅಲ್ಲಿಗೆ ಬರುತ್ತಿತ್ತು. ಯಾರ ಹಾಲಾದರೂ ಕ್ಯಾನಿಗೆ ಬಿದ್ದ ಮೇಲೆ ಎಲ್ಲ ಒಂದೇ. ಮೂರು ಕ್ಯಾನು ಪೇಟೆಗೆ ಹೋಗುತ್ತಿದ್ದವು. ಒಂದು ಕ್ಯಾನು ಊರಲ್ಲೇ ಉಳಿಯುತ್ತಿತ್ತು. ಎದೆಹಾಲು ಬತ್ತಿದ ಬಾಣಂತಿಯರ ಕೂಸುಗಳೂ ಹಾಸಿಗೆ ಹಿಡಿದ ರೋಗಿಗಳೂ ಕುಡಿಯುತ್ತಿದ್ದದ್ದು ಆ ಕ್ಯಾನಿನ ಹಾಲನ್ನು.

ಮೇಜಿನ ಹಿಂದೆ ಒಬ್ಬ ಹೆಂಗಸು ಕೂಡುತ್ತಿದ್ದಳು. ಅವಳ ಕೈಯಲ್ಲಿ ಒಂದು ಗಾಜಿನ ಕಡ್ಡಿ. ಒಳ್ಳೆಯ ಹಾಲಿನಲ್ಲಿ ಇಟ್ಟರೆ ಕಡ್ಡಿ ಮೇಲೆ ನಿಲ್ಲುತ್ತದೆ. ನೀರು ಬೆರೆತಿದ್ದರೆ ಕೆಳಗೆ ಇಳಿಯುತ್ತದೆ. ಊರವರು ಅದಕ್ಕೆ ಡಿಗ್ರಿ ಹಿಡಿಯುವುದು ಎನ್ನುತ್ತಿದ್ದರು. ಆ ಕಡ್ಡಿಗೆ ಯಾರ ಮುಖದ ಗುರುತೂ ಇರಲಿಲ್ಲ.

ಡೈರಿ ಕಟ್ಟಿಸಿದವನು ಒಬ್ಬ ಮುದುಕ. ಮೊದಲ ದಿನ ಅವನೇ ತನ್ನ ಪಾತ್ರೆಯನ್ನು ಎಲ್ಲರಿಗಿಂತ ಮುಂದೆ ತಳ್ಳಿ ಆ ಹೆಂಗಸಿಗೆ ಹೇಳಿದ: "ಮೊದಲ ನನ್ನ ಹಾಲಿಗೆ ಹಿಡಿ. ನನಗ ಹಿಡದ ಮ್ಯಾಲೆ ಯಾರಿಗೆ ಹಿಡದರೂ ಯಾರೂ ಮುನಿಸ್ಕೊಳ್ಳಂಗಿಲ್ಲ."

ಹಾಗೇ ನಡೆಯಿತು. ಮುದುಕ ಬದುಕಿರುವವರೆಗೂ ದಿನದ ಮೊದಲ ಡಿಗ್ರಿ ಅವನ ಹಾಲಿಗೆ. ಸಾಲಿನಲ್ಲಿ ನಿಂತವರು ಅದನ್ನು ನೋಡುತ್ತಲೇ ತಮ್ಮ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದರು. ಯಾರಿಗೂ ಅವಮಾನ ಅನಿಸಲಿಲ್ಲ. ಅನಿಸಬೇಕು ಎಂದು ಯಾರಿಗೂ ಹೊಳೆದೂ ಇರಲಿಲ್ಲ.

ಮುದುಕ ತೀರಿಕೊಂಡ. ಅವನ ಜಾಗಕ್ಕೆ ಒಬ್ಬ ಯಜಮಾನ ಬಂದ. ಈತನೂ ಒಳ್ಳೆಯವನೇ. ಊರಲ್ಲಿ ಸಾವಾದರೆ ಮೊದಲು ಹೆಗಲು ಕೊಡುವವನು. ಮಳೆಗೆ ಡೈರಿಯ ತಗಡು ಹಾರಿಹೋದಾಗ ತನ್ನ ಮನೆಯ ಅಂಗಳ ಬಿಟ್ಟುಕೊಟ್ಟವನು. ಅವನ ಹಾಲು ಬೆಳಗಿದ ಹಿತ್ತಾಳೆ ಬಿಂದಿಗೆಯಲ್ಲಿ ಬರುತ್ತಿತ್ತು. ಒಂದು ಬೆಳಿಗ್ಗೆ ಆ ಹೆಂಗಸು ಕಡ್ಡಿ ಎತ್ತಿದಾಗ ಅವನು ನಕ್ಕ.

"ನನಗೂ ಹಿಡೀತೀಯೇನವ್ವಾ?"

ಸಿಟ್ಟಿನಿಂದ ಕೇಳಿದ್ದಲ್ಲ. ಸಲುಗೆಯಿಂದ ಕೇಳಿದ್ದು. ಸಾಲಿನಲ್ಲಿದ್ದ ಒಬ್ಬ ಕೂಗಿದ: "ಯಜಮಾನ್ರ ಹಾಲಿಗೆ ಡಿಗ್ರಿ ಹಿಡಿಯೋದಂದ್ರ ಹಗಲೊತ್ತಿನ್ಯಾಗ ಬ್ಯಾಟರಿ ಬಿಟ್ಟು ಸೂರ್ಯನ್ನ ಹುಡುಕಿದಂಗ!" ಎಲ್ಲರೂ ನಕ್ಕರು. ಹೆಂಗಸಿಗೆ ಮೈಯೆಲ್ಲ ನಾಚಿಕೆಯಾಯಿತು. ಕೈ ಹಿಂದಕ್ಕೆ ತೆಗೆದುಕೊಂಡಳು. ಬಿಂದಿಗೆಯ ಹಾಲು ಹಾಗೇ ಕ್ಯಾನಿಗೆ ಬಿತ್ತು.

ಮರುವಾರ ಯಜಮಾನನ ತಮ್ಮನೂ ನಕ್ಕ. ಅವನನ್ನೂ ಬಿಟ್ಟಳು. ಆಮೇಲೆ ಅವರ ಬೀಗರು. ಆಮೇಲೆ ಬೀಗರ ನೆರೆಯವರು. ಡಿಗ್ರಿ ಹಿಡಿಸಿಕೊಳ್ಳದವನೇ ಮರ್ಯಾದಸ್ಥ ಎಂದಾಯಿತು. ವರ್ಷ ತಿರುಗುವಷ್ಟರಲ್ಲಿ ಡಿಗ್ರಿ ಉಳಿದದ್ದು ಒಂದೇ ಹಸುವಿನ ಒಬ್ಬ ವಿಧವೆಗೆ ಮಾತ್ರ. ಇವಳೊಬ್ಬಳಿಗೆ ಯಾಕೆ ಎಂದು ಹೆಂಗಸಿಗೇ ಕೆಡುಕೆನಿಸಿತು. ಕಡ್ಡಿಯನ್ನು ತೊಳೆದು, ಒರೆಸಿ, ಗೂಡಿನಲ್ಲಿ ಇಟ್ಟಳು. ಅಂದಿನಿಂದ ಬಂದ ಹಾಲೆಲ್ಲ ನೇರವಾಗಿ ಕ್ಯಾನಿಗೆ. ನಮ್ಮ ಊರಲ್ಲಿ ಎಷ್ಟೊಂದು ನಂಬಿಕೆ ನೋಡಿ ಎಂದು ಊರವರು ಬಂದವರಿಗೆಲ್ಲ ಹೇಳಿಕೊಂಡರು.

ಆ ಹೆಂಗಸಿನ ಮಗಳು ಹೆರಿಗೆಗೆ ಬಂದಳು. ಎದೆಯಲ್ಲಿ ಹಾಲು ಇಳಿಯಲಿಲ್ಲ. ಕೂಸಿಗೆ ಡೈರಿಯ ಕ್ಯಾನಿನ ಹಾಲು ಹಾಕಿದರು. ಹೊತ್ತುಹೊತ್ತಿಗೆ ಹಾಕಿದರು, ಹೊಟ್ಟೆ ತುಂಬ ಹಾಕಿದರು. ಆದರೂ ಕೂಸು ಮೈಗೂಡಲಿಲ್ಲ. ದಿನದಿನಕ್ಕೆ ಸೊರಗಿತು. ಪಕ್ಕೆಲುಬು ಎಣಿಸುವ ಹಾಗಾಯಿತು. ಅತ್ತರೆ ದನಿಯೇ ಹೊರಡದು. ಊರಿನ ಹಿರಿಯರು ಬಂದು ನೋಡಿದರು. ಇಂಥ ಹಾಲು ಕುಡಿದೂ ಬೆಳೆಯದಿದ್ದರೆ ಅದು ಕೂಸಿನ ಹೊಟ್ಟೆಯ ತಪ್ಪು ಎಂದರು.

ಇಷ್ಟು ಹೇಳಿದಾಗ ಉಪದೇಶಿಗಳ ದನಿ ಏರಿತು. ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟರು.

"ತಿಳೀತೇನವ್ವಾ? ಹಾಲಿನ ತಪ್ಪು ಅನ್ನಲಿಲ್ಲ. ಕೂಸಿನ ತಪ್ಪು ಅಂದ್ರು."

ಯೂನಿಕೆಗೆ ತಿಳಿಯಿತು. ಕೆಮ್ಮು ತಿರುಗಿ ಬಂದ ದಿನ ಮಾರ್ಥಾಳಿಗೆ ಸಭೆಯ ಹೆಂಗಸರು ಅಂದದ್ದೂ ಅದೇ: ನಿನ್ನ ನಂಬಿಕೆಯಲ್ಲಿ ಎಲ್ಲೋ ಕೊರತೆ ಇದೆ. ಅಕ್ಕ ಆ ಮಾತನ್ನು ಒಪ್ಪಿಕೊಂಡು, ಎರಡು ದಿನ ಉಪವಾಸ ಮಾಡಿ, ಇನ್ನಷ್ಟು ಕೆಮ್ಮಿದ್ದಳು. ಯೂನಿಕೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಮುಂದಿನದಕ್ಕೆ ಕಾದಳು.

ಮರುದಿನ ಬೆಳಿಗ್ಗೆ ಆ ಹೆಂಗಸು ಗೂಡಿನಿಂದ ಕಡ್ಡಿ ತೆಗೆದಳು. ಸೆರಗಿನಿಂದ ಧೂಳು ಒರೆಸಿದಳು. ಸಾಲಿನಲ್ಲಿ ಮೊದಲು ನಿಂತವನು ಯಜಮಾನ. ಅವಳು ಬಿಂದಿಗೆಯ ಮುಚ್ಚಳಕ್ಕೆ ಕೈ ಹಾಕಿದಳು. ಈ ಸಲ ಯಾರೂ ನಗಲಿಲ್ಲ.

"ನನ್ನ ಮ್ಯಾಲೆ ಅನುಮಾನ ಏನು?" ಎಂದ ಯಜಮಾನ.

"ನಿಮ್ಮ ಮ್ಯಾಲೆ ಇಲ್ರೀ ಯಜಮಾನ್ರ. ಬಿಂದಿಗಿ ನಿಮ್ಮದು. ಕ್ಯಾನು ಊರಿಂದು."

ಯಜಮಾನ ಕೂಗಾಡಲಿಲ್ಲ. ಕೈ ಚಾಚಿ ಅವಳ ಬೆರಳುಗಳ ನಡುವಿನಿಂದ ಕಡ್ಡಿಯನ್ನು ತೆಗೆದುಕೊಂಡ. ಒಂದು ಗಳಿಗೆ ಹಿಡಿದು ನೋಡಿದ. ಆಮೇಲೆ ಕಲ್ಲಿನ ನೆಲಕ್ಕೆ ಬಿಟ್ಟ. ಗಾಜು ಚೂರುಚೂರಾಯಿತು.

"ಮುಗೀತಲ್ಲ. ಇನ್ನ ಸುರುವು" ಎಂದ.

ಹೆಂಗಸು ಬಗ್ಗಿ ಗಾಜಿನ ಚೂರುಗಳನ್ನು ಕಸಬರಿಗೆಯಿಂದ ಒಂದು ಮೂಲೆಗೆ ಸರಿಸಿದಳು. ಯಾರ ಕಾಲಿಗೂ ಚುಚ್ಚಬಾರದಲ್ಲ! ಆಮೇಲೆ ಒಂದು ಚಮಚೆಯನ್ನು ಬಿಂದಿಗೆಯಲ್ಲಿ ಅದ್ದಿದಳು. ಎಡಗೈಯ ಹೆಬ್ಬೆರಳನ್ನು ಎತ್ತಿ ಹಿಡಿದು ಉಗುರಿನ ಮೇಲೆ ಒಂದು ಹನಿ ಬಿಟ್ಟಳು.

ಗಾಜಿನ ಕಡ್ಡಿ ಬರುವ ಮೊದಲು ಆ ಊರಿನ ಹೆಂಗಸರು ಹಾಲು ನೋಡುತ್ತಿದ್ದದ್ದು ಹೀಗೇ. ಅವ್ವಂದಿರು ಕಲಿಸಿದ್ದು, ಅಜ್ಜಿಯರು ಕಲಿಸಿದ್ದು. ಗಟ್ಟಿ ಹಾಲಿನ ಹನಿ ಉಗುರಿನ ಮೇಲೆ ದುಂಡಗೆ ಕೂಡುತ್ತದೆ. ನೀರು ಬೆರೆತ ಹನಿಗೆ ನಿಲ್ಲಲು ಆಗುವುದಿಲ್ಲ. ಕಡ್ಡಿ ಬಂದ ಮೇಲೆ ಎಲ್ಲರೂ ಅದನ್ನು ಮರೆತಿದ್ದರು. ಕಡ್ಡಿಯನ್ನು ಗೂಡಿಗೆ ಹಾಕಿದ ಮೇಲೂ ನೆನಪು ಮಾಡಿಕೊಂಡಿರಲಿಲ್ಲ.

ಹನಿ ನಿಲ್ಲಲಿಲ್ಲ. ಉಗುರಿನಿಂದ ಜಾರಿ, ಮಣಿಕಟ್ಟಿನವರೆಗೆ ಹರಿಯಿತು.

ಅವಳು ಕೈ ಎತ್ತಿ ಸಾಲಿಗೆ ತೋರಿಸಿದಳು. ಹಿಂದಿನಿಂದ ಒಬ್ಬ ಹೇಳಿದ: "ನಿನ್ನ ಉಗುರೇ ಸೊಟ್ಟ ಐತಿ."

"ಹಂಗಾರ ನಿಮ್ಮ ಉಗುರು ಚಾಚ್ರಿ" ಎಂದಳು. "ನನ್ನ ಮಾತು ನಂಬ್ರಿ ಅಂತ ನಾ ಅಂದೀನೇನು? ನೀವೇ ನೋಡ್ರಿ."

ಯಾರೂ ಮಿಸುಕಲಿಲ್ಲ. ಯಜಮಾನನ ಹಾಲನ್ನು ತನ್ನ ಬೆರಳಿನ ಮೇಲೆ ಬಿಡಿಸಿಕೊಳ್ಳುವುದು ಸಣ್ಣ ಮಾತೇ? ಮೊದಲು ಮುಂದೆ ಬಂದವಳು ಒಂದೇ ಹಸುವಿನ ವಿಧವೆ. ಎಷ್ಟೋ ತಿಂಗಳು ತಾನೊಬ್ಬಳೇ ಡಿಗ್ರಿ ಹಿಡಿಸಿಕೊಂಡವಳು. ಹೆಬ್ಬೆರಳು ಚಾಚಿದಳು. ಹನಿ ಹರಿಯಿತು. ಅವಳ ಹಿಂದೆ ಒಬ್ಬಳು ಬಾಣಂತಿ ಬಂದಳು. ಹರಿಯಿತು. ಆಮೇಲೆ ಒಬ್ಬ ರೈತ, ಒಬ್ಬ ಬಡಿಗ. ಸೊಟ್ಟ ಉಗುರು ಎಂದವನೂ ಬಂದ, ಏನೋ ಗೊಣಗುತ್ತ. ಓದು ಬರುವವರೂ ಇದ್ದರು, ಬರದವರೂ ಇದ್ದರು. ಉಗುರು ಎಲ್ಲರಿಗೂ ಇತ್ತು. ಒಬ್ಬರ ಉಗುರಿನ ಮೇಲೂ ಹನಿ ನಿಲ್ಲಲಿಲ್ಲ.

ಕೊನೆಗೆ ಹೆಂಗಸು ಚಮಚೆ ಹಿಡಿದು ಯಜಮಾನನ ಮುಂದೆ ನಿಂತಳು. ಯಜಮಾನ ಒಮ್ಮೆ ಸಾಲನ್ನು ನೋಡಿದ. ಅಷ್ಟು ಜನ ಒದ್ದೆ ಹೆಬ್ಬೆರಳು ಎತ್ತಿಕೊಂಡು ನಿಂತಿದ್ದರು. ತಾನೂ ಕೈ ಚಾಚಿದ. ಹನಿ ಅವನ ಉಗುರಿನ ಮೇಲೆ ಬಿತ್ತು. ಹರಿದು ಅವನ ಬಿಳಿಯ ಅಂಗಿಯ ತೋಳಿನೊಳಗೆ ಹೋಯಿತು. ಅವನು ಬಹಳ ಹೊತ್ತು ಆ ಬೆರಳನ್ನೇ ನೋಡಿದ.

ನೀರು ಬೆರೆಸಿದವನು ಅವನಲ್ಲ. ಅವನ ಕೊಟ್ಟಿಗೆಯಲ್ಲಿ ಹಾಲು ಕರೆಯಲು ಎಲ್ಲಿಂದಲೋ ಬಂದು ಸೇರಿದ್ದ ಒಬ್ಬ ಆಳು ವರ್ಷದಿಂದ ಕೆರೆಯ ನೀರು ಸುರಿಯುತ್ತಿದ್ದ. ಆಳು ಕೊಟ್ಟ ಬಿಂದಿಗೆಯನ್ನು ಯಜಮಾನ ಹಾಗೇ ಹೊತ್ತು ತರುತ್ತಿದ್ದ. ಅವನ ಮನೆಯವರೂ ಕುಡಿಯುತ್ತಿದ್ದದ್ದು ಅದನ್ನೇ. ಅವನು ಒಂದು ದಿನವೂ ತನ್ನ ಹಾಲನ್ನು ನೋಡಿರಲಿಲ್ಲ.

ಉಪದೇಶಿಗಳು ಇಲ್ಲಿಗೆ ನಿಲ್ಲಿಸಿದರು. ಇನ್ನೊಂದು ಹರಿದ ಪುಸ್ತಕ ಎತ್ತಿಕೊಂಡು ಅದರ ಹಾಳೆಗಳನ್ನು ಹೊಂದಿಸತೊಡಗಿದರು.

ಯೂನಿಕೆ ಸೋಮವಾರದ ರೈಲಿಗೆ ಹೋದ ಪ್ರಸಂಗಿಯನ್ನು ನೆನೆದಳು. ಅವನು ಬಿಟ್ಟುಹೋದ ಪುಟ್ಟಿಯನ್ನು ನೆನೆದಳು. ಅದನ್ನು ಭಾನುವಾರದಿಂದ ಭಾನುವಾರಕ್ಕೆ ಹೊತ್ತು ತಂದ ಸಭಾಪಾಲಕರನ್ನು ನೆನೆದಳು. ಮೊದಲ ಸಲ ಅವರ ಮೇಲೆ ಮರುಕ ಹುಟ್ಟಿತು. ಮರುಕ ಹುಟ್ಟಿದರೂ ಸಿಟ್ಟು ಇಳಿಯಲಿಲ್ಲ. ಎರಡೂ ಒಟ್ಟಿಗೇ ಇದ್ದವು.

"ಆಮ್ಯಾಲೆ ಆ ಯಜಮಾನ ಏನ್ಮಾಡಿದ್ರೀ?"

"ಮರುದಿನ ಎಲ್ಲಾರಿಗಿಂತ ಮೊದಲ ಬಂದು ಹೆಬ್ಬಟ್ಟು ಚಾಚಿದ ಅಂತ ಕೆಲವರು ಹೇಳತಾರ. ಊರು ಬಿಟ್ಟ ಅಂತ ಕೆಲವರು. ನಾ ಕಂಡಿಲ್ಲ. ಕಾಣದ್ದನ್ನ ನಾ ಹೇಳಂಗಿಲ್ಲ."

"ಆ ಕೂಸು?"

"ಅದು ಒಳ್ಳೆ ಹಾಲು ಯಾವಾಗ ಸಿಕ್ತು ಅನ್ನೋದರ ಮ್ಯಾಲೆ ಐತಿ" ಎಂದರು ಉಪದೇಶಿಗಳು. ಹೇಳುತ್ತ ಅವಳ ಮುಖ ನೋಡಲಿಲ್ಲ.

ಯೂನಿಕೆ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಪಾತ್ರೆ ತಿಕ್ಕಿ ತಿಕ್ಕಿ ಸವೆದ ಉಗುರು. ಅಂಚಿನಲ್ಲಿ ಒಂದು ಸೀಳು. ಆದರೂ ಉಗುರೇ. ಅಕ್ಕನ ಕರವಸ್ತ್ರ ನೆನಪಾಯಿತು. ಇನ್ನು ಎಷ್ಟು ಭಾನುವಾರ ಅಕ್ಕನಿಗೆ ಉಳಿದಿವೆ ಎಂಬ ಲೆಕ್ಕಕ್ಕೆ ಹೋಗಲು ಅವಳಿಗೆ ಧೈರ್ಯವಾಗಲಿಲ್ಲ.

"ಕತಿ ತಿಳೀತ್ರೀ" ಎಂದಳು. "ಪರೀಕ್ಷೆ ಮಾಡೋದು ಪಾಪ ಅಲ್ಲ. ಅದೂ ತಿಳೀತು. ಆದರ ನಾಳೆ ಮುಂಜಾನೆ ನಾ ಏನು ಮಾಡ್ಲಿ? ಎದ್ದು ನಿಂತು ತಪ್ಪಾತು ಅನ್ನಲೋ? ಮನ್ಯಾಗ ಕುಂದರಲೋ? ಸಭಾಪಾಲಕರ ಅಪ್ಪಣಿ ಮೀರಿದಾಕಿ ಅಂತ ಅಕ್ಕನೇ ನನ್ನ ಕೂಡ ಮಾತು ಬಿಡತಾಳ. ಆಮ್ಯಾಲೆ ಆಕಿಗೆ ಹೇಳಾವರು ಯಾರು?"

ಉಪದೇಶಿಗಳು ಅಂಟಿನ ಡಬ್ಬಿಯನ್ನು ಎತ್ತಿ, ಅದರ ಕೆಳಗಿದ್ದ ಚೀಟಿಯನ್ನು ಅವಳ ಕಡೆ ಸರಿಸಿದರು.

"ಓದು."

ಯೂನಿಕೆಗೆ ಅದು ಬಾಯಿಪಾಠವಾಗಿತ್ತು. ಮಂಗಳವಾರದಿಂದ ಹತ್ತು ಸಲವಾದರೂ ಓದಿದ್ದಳು. ಗಡಗಡ ಓದಿಬಿಟ್ಟಳು:

"'ಯೂನಿಕೆ ಇವರು ಬರುವ ಭಾನುವಾರದ ಆರಾಧನೆಯಲ್ಲಿ ಸಭೆಯ ಮುಂದೆ ಎದ್ದು ನಿಂತು, ಎಲ್ಲರಿಗೂ ಕೇಳಿಸುವಂತೆ ಕ್ಷಮೆ ಕೇಳತಕ್ಕದ್ದು. ತಪ್ಪಿದಲ್ಲಿ ಕರ್ತನ ಭೋಜನಕ್ಕೆ ಸೇರಿಸಲಾಗುವುದಿಲ್ಲ, ಮಕ್ಕಳ ಪಾಠವನ್ನೂ ಕೊಡಲಾಗುವುದಿಲ್ಲ.'"

"ನಿನ್ನ ತಲಿಯಾಗಿಂದು ಬ್ಯಾಡ. ಹಾಳ್ಯಾಗ ಇದ್ದದ್ದನ್ನ ಓದು. ಬೆರಳಿಟ್ಟು ಓದು."

ಅವಳು ಚೀಟಿಯನ್ನು ಮೊಣಕಾಲ ಮೇಲೆ ಹರಡಿಕೊಂಡಳು. ಸಣ್ಣ ಮಕ್ಕಳಿಗೆ ಕಲಿಸುವ ಹಾಗೆ ಒಂದೊಂದು ಪದದ ಕೆಳಗೂ ಬೆರಳಿಟ್ಟು ಓದಿದಳು.

"'ಸಭೆಯ... ಮುಂದೆ... ಎದ್ದು... ನಿಂತು... ಎಲ್ಲರಿಗೂ... ಕೇಳಿಸುವಂತೆ...'"

ಬೆರಳು ಮುಂದಿನ ಪದಕ್ಕೆ ಸರಿಯಿತು. ಅಲ್ಲೇ ನಿಂತಿತು. ಅವಳು ಬೆರಳನ್ನು ಹಿಂದಕ್ಕೆ ಎಳೆದು ಮತ್ತೊಮ್ಮೆ ಬಂದಳು. ಚೀಟಿಯನ್ನು ಬೆಳಕಿಗೆ ಹಿಡಿದಳು, ಮಗುಚಿ ನೋಡಿದಳು.

ಕ್ಷಮೆ ಎಂಬ ಮಾತು ಅಲ್ಲಿರಲಿಲ್ಲ. 'ಕೇಳಿಸುವಂತೆ' ಆದ ಮೇಲೆ ಬರೀ 'ಕೇಳತಕ್ಕದ್ದು' ಎಂದಿತ್ತು. ಬರೆಯಲು ಮನಸ್ಸಿಲ್ಲದ ಕಾರ್ಯದರ್ಶಿ ಅವಸರದಲ್ಲಿ ಅದನ್ನು ಬಿಟ್ಟಿದ್ದ. ಸಭಾಪಾಲಕರು ಓದಿ ನೋಡದೆ ಕೆಳಗೆ ಸಹಿ ಹಾಕಿದ್ದರು. ಸಭೆಯ ದುಂಡನೆಯ ಮುದ್ರೆಯೂ ಬಿದ್ದಿತ್ತು. ಇಲ್ಲದ ಆ ಮಾತನ್ನು ಹತ್ತು ಸಲವೂ ತಾನೇ ಸೇರಿಸಿ ಓದಿ, ತಾನೇ ಹೆದರಿದ್ದಳು.

ಯೂನಿಕೆ ತಲೆ ಎತ್ತಿದಳು. ಉಪದೇಶಿಗಳು ಹೊಲಿದು ಮುಗಿಸಿದ ಪುಸ್ತಕವನ್ನು ಅವಳ ಕೈಗಿಟ್ಟರು.

"ಸಭಾಪಾಲಕರ ಸಹಿ ಐತಿ, ಸಭೆಯ ಮುದ್ರಿ ಐತಿ, ಅಪ್ಪಣಿ ಮೀರಬ್ಯಾಡವ್ವಾ, ಎದ್ದು ನಿಂತು ಕೇಳು."